ತಕರಾರು ಟವರಿನ ಎತ್ತರದ್ದಲ್ಲ: ಸೋಗಾನೆ ಬಳಿಯ ಒಂದು ಪ್ರಕರಣ

ವಿಮಾನ ನಿಲ್ದಾಣದ ಹತ್ತಿರ ಒಂದು ಕುಟುಂಬದ ತೋಟದಲ್ಲಿ ನಿಲ್ಲಬೇಕಿದ್ದ ಮೊಬೈಲ್ ಟವರಿನ ಈ ಪ್ರಕರಣದಲ್ಲಿ ಮೂರು ತಿಂಗಳು ಹಾಳಾದದ್ದು ನನ್ನ ಸಲಹೆಯಿಂದ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಮುಂದೆ ಬರುವ ಲೆಕ್ಕಾಚಾರವೆಲ್ಲ ಬಲ್ಲವನ ಬಡಾಯಿಯ ಹಾಗೆ ಕೇಳೀತು. ನಾನು ಶಿವಮೊಗ್ಗದಲ್ಲಿ ಪಾಲಿಟೆಕ್ನಿಕ್ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡುವ ಮೇಷ್ಟ್ರು. ಈ ಕುಟುಂಬದ ಮಗಳು ನನ್ನ ವಿದ್ಯಾರ್ಥಿನಿ. ಊರು, ಹೆಸರು, ಸರ್ವೆ ನಂಬರು, ಕಂಪನಿ ಯಾವುದನ್ನೂ ಇಲ್ಲಿ ಬರೆದಿಲ್ಲ. ಗುರುತು ಹತ್ತಬಾರದೆಂದು ಒಂದೆರಡು ಚಿಲ್ಲರೆ ವಿವರ ಬದಲಿಸಿದ್ದೇನೆ, ಅಳತೆಗಳನ್ನು ದುಂಡಗೆ ಮಾಡಿದ್ದೇನೆ.

ಹಿನ್ನೆಲೆ

ಶಿವಮೊಗ್ಗದ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ಕ್ಕೆ. ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿದದ್ದು ಆಗಸ್ಟ್ 31ಕ್ಕೆ. ನಡುವಿನ ಆರು ತಿಂಗಳು ಸುತ್ತಲ ಹಳ್ಳಿಗಳ ಕಟ್ಟೆ ಮೇಲೆಲ್ಲ ಸೈಟಿನದೇ ಮಾತು, ರೇಟಿನದೇ ಮಾತು. ಆ ಹೊತ್ತಿಗೇ ಈ ಮನೆಗೂ ಒಂದು ಅದೃಷ್ಟ ಬಾಗಿಲು ತಟ್ಟಿತು. ತೋಟದ ಮೂಲೆಯಲ್ಲಿ ಬೀಳುಬಿದ್ದಿದ್ದ ಮೂರು ಗುಂಟೆಯಲ್ಲಿ ಮೊಬೈಲ್ ಟವರ್ ನಿಲ್ಲಿಸುತ್ತೇವೆ, ತಿಂಗಳು ತಿಂಗಳು ಬಾಡಿಗೆ ಕೊಡುತ್ತೇವೆ ಎಂದು ಒಂದು ಕಂಪನಿಯವರು ಬಂದರು. ಮನೆಯಲ್ಲಿ ಯಜಮಾನರು, ಅವರ ತಮ್ಮ, ಇಬ್ಬರ ಸಂಸಾರ. ಅಡಿಕೆ ತೋಟವೇ ಆಧಾರ, ಜತೆಗೆ ಒಂದಿಷ್ಟು ಗದ್ದೆ. ಅಡಿಕೆಗೆ ಕೊಳೆರೋಗ ಬಂದ ವರ್ಷ ಕೈ ಖಾಲಿ. ಮಳೆಗೂ ರೋಗಕ್ಕೂ ಅಂಜದ ಆದಾಯವೆಂದರೆ ಯಾರು ಬೇಡ ಎನ್ನುತ್ತಾರೆ? ಏಪ್ರಿಲ್‌ನಲ್ಲಿ ಕರಾರಾಯಿತು. ಮೇ ತಿಂಗಳಲ್ಲಿ ಅಡಿಪಾಯದ ಗುಂಡಿ ತೋಡಿದರು, ಕಬ್ಬಿಣ ತಂದು ಹಾಕಿದರು.

ಜೂನ್‌ನಲ್ಲಿ ಕೆಲಸ ನಿಂತಿತು. ಗುಂಡಿಯಲ್ಲಿ ಮಳೆನೀರು, ನೀರಲ್ಲಿ ಕಪ್ಪೆ. ಫೋನ್ ಮಾಡಿದರೆ ಒಂದೇ ಉತ್ತರ: "ಏರ್‌ಪೋರ್ಟ್ ಪ್ರಾಬ್ಲಮ್ ಇದೆ, ನೋಡ್ತೀವಿ."

ಸಮಸ್ಯೆ ಎಂದು ನಾವು ತಿಳಿದದ್ದು

ಯಜಮಾನರ ತಮ್ಮನಿಗೆ ಅನುಮಾನವೇ ಇರಲಿಲ್ಲ. ಪಕ್ಕದ ತೋಟದ ದಾಯಾದಿಗಳು ಮೂಗರ್ಜಿ ಹಾಕಿದ್ದಾರೆ ಎಂದು ತೀರ್ಮಾನಿಸಿಬಿಟ್ಟರು. ಟವರ್ ತಮ್ಮ ಕಡೆಗೆ ಬರಲಿಲ್ಲವೆಂದು ಅವರು ಮುಖ ಗಂಟು ಹಾಕಿಕೊಂಡದ್ದು ನಿಜವಂತೆ. ಮೂಗರ್ಜಿಗೆ ಸಾಕ್ಷಿ ಮಾತ್ರ ಅಷ್ಟೇ.

ಮಗಳು ನನ್ನ ಹತ್ತಿರ ಬಂದಳು. ನಾನು ಎರಡು ನಿಮಿಷವೂ ಯೋಚಿಸದೆ ಹೇಳಿದೆ: "ವಿಮಾನ ನಿಲ್ದಾಣದ ಹತ್ರ ಅಲ್ವೇನಮ್ಮ, ಎತ್ತರದ ತಕರಾರು ಇರುತ್ತೆ. ಟವರ್ ಕುಳ್ಳ ಮಾಡೋಕೆ ಹೇಳಿ, ಎತ್ತರದ ಎನ್‌ಒಸಿ ತಗೊಳ್ಳಿ."

ಎತ್ತರದ ನಿಯಮ ಇರುವುದು ಸುಳ್ಳಲ್ಲ. ವಿಮಾನ ನಿಲ್ದಾಣದ ಸುತ್ತ ಕಟ್ಟಡ, ಕಂಬ, ಟವರು ಯಾವುದೇ ಇರಲಿ, ಅದರ ತುದಿ ಸಮುದ್ರಮಟ್ಟದಿಂದ ಎಷ್ಟು ಮೇಲಿದೆ ಎಂದು ತೋರಿಸಿ ವಿಮಾನ ನಿಲ್ದಾಣ ಪ್ರಾಧಿಕಾರದಿಂದ ಒಪ್ಪಿಗೆ, ಅಂದರೆ ಆ ಎನ್‌ಒಸಿ, ಪಡೆಯಬೇಕು. ಅದಕ್ಕೆ ಜಾಗದ ಅಕ್ಷಾಂಶ, ರೇಖಾಂಶ, ನೆಲದ ಎತ್ತರ ಇವೆಲ್ಲ ಕರಾರುವಾಕ್ಕಾಗಿ ಬೇಕು. ಸರ್ವೆಯವರನ್ನು ಕರೆಸಿದರು, ಅವರು ಮಳೆ ಬಿಡುವು ಕೊಟ್ಟ ದಿನ ಬಂದರು, ಕಾಗದ ಹೋಯಿತು, ತಿದ್ದುಪಡಿಗೆ ವಾಪಸು ಬಂತು, ಮತ್ತೆ ಹೋಯಿತು. ಟವರನ್ನು ನಲವತ್ತರಿಂದ ಮೂವತ್ತು ಮೀಟರಿಗೆ ಇಳಿಸಲು ಕಂಪನಿಯೂ ತಲೆಯಾಡಿಸಿತು. ಸೆಪ್ಟೆಂಬರ್ ಕೊನೆಗೆ ಎತ್ತರದ ಒಪ್ಪಿಗೆ ಕೈಗೆ ಬಂತು.

ಕೆಲಸ ಶುರುವಾಗಲಿಲ್ಲ.

ಅವತ್ತೇ ನನಗೆ ತಿಳಿಯಬೇಕಿತ್ತು. ಯಾವುದನ್ನು ಕಾರಣ ಅಂದುಕೊಂಡಿದ್ದೆವೋ ಅದು ಬಗೆಹರಿದ ಮೇಲೂ ಗುಂಡಿ ಗುಂಡಿಯಾಗಿಯೇ ಇದೆ ಎಂದರೆ ಕಾರಣ ಬೇರೆ. ಆದರೆ "ಸರ್ಕಾರಿ ಕೆಲಸ, ತಡ ಆಗುತ್ತೆ" ಎಂದು ಇನ್ನೂ ಎರಡು ವಾರ ನೂಕಿದೆ.

ಮೂರೂವರೆ ಸಾವಿರ

ತಿರುವು ಬಂದದ್ದು ಒಂದು ತಪ್ಪು ತಿಳಿವಳಿಕೆಯಿಂದ. ಯಜಮಾನರು ಸೈಟ್ ಎಂಜಿನಿಯರನ್ನು ಶಿವಮೊಗ್ಗ ಬಸ್‌ಸ್ಟ್ಯಾಂಡಿನ ಹತ್ತಿರ ಹಿಡಿದು ಕೇಳಿದ್ದಾರೆ. ಆ ಹುಡುಗ ಅವಸರದಲ್ಲಿ "ಎತ್ತರ ಓಕೆ ಸಾರ್, ಮೂರೂವರೆ ಸಾವಿರದ್ದೇ ಪ್ರಾಬ್ಲಮ್" ಎಂದು ಹೇಳಿ ಬೈಕ್ ಹತ್ತಿದ. ಯಜಮಾನರು ಮನೆಗೆ ಬಂದು, "ಮೂರೂವರೆ ಸಾವಿರ ಕೇಳ್ತಿದಾನೆ. ಕೊಟ್ಟು ಮುಗ್ಸನ ಅತ್ಲಾಗೆ" ಎಂದರು. ತಮ್ಮ, "ಒಂದು ಪೈಸೆ ಕೊಡಬೇಡ" ಎಂದು ಕೂತರು. ಅಣ್ಣತಮ್ಮಂದಿರು ಎರಡು ದಿನ ಮಾತು ಬಿಟ್ಟರು.

ಮಗಳಿಗೆ ಮಾತ್ರ ಏನೋ ಹೊಳೆಯಿತು. ಸೋಮವಾರ ಲ್ಯಾಬಿಗೆ ಬಂದು ಕೇಳಿದಳು: "ಸಾರ್, 3500 ಅನ್ನೋದು ರೂಪಾಯಿನಾ, ಮೆಗಾಹರ್ಟ್ಸಾ?"

ನಾನು ತಲೆ ಚಚ್ಚಿಕೊಂಡೆ. ಭಾರತದಲ್ಲಿ 5ಜಿಗೆ ಹಂಚಿದ ಮುಖ್ಯ ರೇಡಿಯೊ ಕಂಪನಾಂಕದ ಪಟ್ಟಿಗಳಲ್ಲಿ ಒಂದು 3300ರಿಂದ 3670 ಮೆಗಾಹರ್ಟ್ಸ್. ಫೀಲ್ಡಿನವರ ಬಾಯಲ್ಲಿ ಅದು ಬರೀ 'ಮೂರೂವರೆ ಸಾವಿರ'. ವಿಮಾನದ ರೇಡಿಯೊ ಆಲ್ಟಿಮೀಟರ್, ಅಂದರೆ ಕೆಳಗಿನ ನೆಲದಿಂದ ಎಷ್ಟು ಮೇಲಿದ್ದೇವೆ ಎಂದು ಅಳೆಯುವ ಉಪಕರಣ, ಕೆಲಸ ಮಾಡುವುದು 4200ರಿಂದ 4400ರ ನಡುವೆ. ತಕರಾರು ಟವರ್ ಎಷ್ಟು ಎತ್ತರ ಎಂಬುದರದ್ದಲ್ಲ, ವಿಮಾನ ತನ್ನ ಎತ್ತರವನ್ನು ಕೇಳಿಸಿಕೊಳ್ಳುವುದರದ್ದು.

ಸಂಜೆ ಅವರ ಮನೆಗೆ ಹೋದೆ.

ಹಾರ್ಮೋನಿಯಂ ಪಾಠ

ಯಜಮಾನರು ಊರಿನ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸುವವರು. ಅದು ನನ್ನ ಪುಣ್ಯ. ಜಗಲಿಯಲ್ಲಿ ಪೆಟ್ಟಿಗೆ ಇತ್ತು, ಹಳೆಯದು, ಒಂದು ಮನೆಗೆ, ಅಂದರೆ ಬೆರಳಿನಿಂದ ಒತ್ತುವ ಕೀಲಿಗೆ, ಎರಡೆರಡು ರೀಡಿನದು.

"ಎರಡು ರೀಡಲ್ಲಿ ಒಂದು ಸ್ವಲ್ಪ ಶ್ರುತಿ ಜಾರಿದ್ರೆ ಏನ್ ಕೇಳ್ಸುತ್ತೆ ಯಜಮಾನ್ರೇ?"

"ಅಲೆ ಬರುತ್ತೆ. ವಾಂವ್ ವಾಂವ್ ಅಂತ."

"ಜಾಸ್ತಿ ಜಾರಿದ್ರೆ?"

"ಅಲೆ ಜೋರಾಗಿ ಓಡುತ್ತೆ."

ಅವರಿಗೆ ಅರ್ಧ ಪಾಠ ಆಗಲೇ ಗೊತ್ತಿತ್ತು. ಎರಡು ಸ್ವರಗಳ ಕಂಪನದ ವ್ಯತ್ಯಾಸ ಎಷ್ಟೋ ಅಲೆಯ ಓಟವೂ ಅಷ್ಟೇ. ಇನ್ನು ಗುಡ್ಡದ ಮುಂದೆ ನಿಂತು ಒಬ್ಬ ಹಾಡುತ್ತಿದ್ದಾನೆ ಅಂದುಕೊಳ್ಳಿ ಎಂದೆ. ಒಂದೇ ಸ್ವರ ಹಿಡಿದರೆ ಪ್ರತಿಧ್ವನಿಯೂ ಅದೇ ಸ್ವರದಲ್ಲಿ ಬರುತ್ತದೆ, ಏನೂ ಗೊತ್ತಾಗದು. ಅದರ ಬದಲು ಸ್ವರವನ್ನು ಒಂದೇ ಸಮನೆ ಏರಿಸುತ್ತ ಹೋಗಲಿ. ಗುಡ್ಡಕ್ಕೆ ಬಡಿದು ಬರುವಷ್ಟರಲ್ಲಿ ಅವನು ಮುಂದಿನ ಸ್ವರಕ್ಕೆ ಏರಿರುತ್ತಾನೆ, ಕಿವಿಗೆ ಬೀಳುವುದು ಆಗ ಬಿಟ್ಟ ಸ್ವರ. ಗುಡ್ಡ ಹತ್ತಿರವಿದ್ದರೆ ಎರಡರ ನಡುವೆ ಅಂತರ ಕಡಿಮೆ, ದೂರವಿದ್ದರೆ ಹೆಚ್ಚು. ಅಂತರ ಅಳೆದರೆ ದೂರ ಸಿಕ್ಕಿತು.

ವಿಮಾನದ ಹೊಟ್ಟೆಯ ಕೆಳಗೆ ಚಪ್ಪಟೆ ಆಂಟೆನಾಗಳಿರುತ್ತವೆ. ಒಂದು ಹಾಡುವುದು, ಇನ್ನೊಂದು ಕೇಳುವುದು. ಹಾಡು ರೇಡಿಯೊ ಅಲೆಯದು, ಗುಡ್ಡದ ಬದಲು ನೆಲ. ಬೆಲ್ ಪ್ರಯೋಗಾಲಯದ ಲಾಯ್ಡ್ ಎಸ್ಪೆನ್‌ಶೀಡ್ 1924ರಲ್ಲಿ ಇದರ ಕಲ್ಪನೆ ಕಟ್ಟಿದರು, 1938ರಲ್ಲಿ ವಿಮಾನದಲ್ಲಿಟ್ಟು ತೋರಿಸಿದರು. ಮೂಲ ಉಪಾಯ ಇವತ್ತಿಗೂ ಅದೇ.

ಪ್ರತಿಧ್ವನಿಯ ಸಮಯವನ್ನೇ ನೇರವಾಗಿ ಅಳೆಯಬಾರದೇ ಎಂದು ಮಗಳು ಕೇಳಿದಳು. ಅಳೆಯುವ ಉಪಕರಣಗಳೂ ಇವೆ, ಆದರೆ ಕಾಲ ಎಷ್ಟು ಚಿಕ್ಕದು ನೋಡಿ. ರೇಡಿಯೊ ಅಲೆ ಒಂದು ಅಡಿ ಹೋಗಿ ಬರಲು ಎರಡು ನ್ಯಾನೊಸೆಕೆಂಡ್ ಸಾಕು. ಮೂವತ್ತು ಮೀಟರ್ ಎತ್ತರದಿಂದ ನೆಲ ಮುಟ್ಟಿ ವಾಪಸಾಗಲು 200 ನ್ಯಾನೊಸೆಕೆಂಡ್. ಅದನ್ನು ಗಡಿಯಾರ ಇಟ್ಟು ಹಿಡಿಯುವುದಕ್ಕಿಂತ ಸ್ವರದ ವ್ಯತ್ಯಾಸವಾಗಿ ಮಾಡಿಕೊಂಡರೆ ಅಳತೆ ಸುಲಭ. ಲೆಕ್ಕಕ್ಕೆಂದು, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಪನಾಂಕ 100 ಮೆಗಾಹರ್ಟ್ಸ್ ಏರುತ್ತದೆ ಎಂದು ಇಟ್ಟುಕೊಂಡೆವು. ಮೂವತ್ತು ಮೀಟರಿಗೆ ವ್ಯತ್ಯಾಸ 2000 ಹರ್ಟ್ಸ್, ಹದಿನೈದಕ್ಕೆ 1000. ಇದು ಕಿವಿಗೆ ಕೇಳುವ ಸ್ವರ! ನಾಲ್ಕು ಮೀಟರಿಗೆ ಬಂದರೆ ಸುಮಾರು 267 ಹರ್ಟ್ಸ್, ಅಂದರೆ ಹೆಚ್ಚುಕಡಿಮೆ ಹಾರ್ಮೋನಿಯಂನ ನಡು ಸಪ್ತಕದ ಬಿಳಿ ಒಂದು. ಯಜಮಾನರು ಮೇಲಿನಿಂದ ಒಂದೊಂದೇ ಮನೆ ಇಳಿದು ಬಿಳಿ ಒಂದರ ಮೇಲೆ ಬೆರಳು ನಿಲ್ಲಿಸಿ, "ಇಲ್ಲಿಗೆ ಚಕ್ರ ನೆಲದ ಹತ್ರ" ಎಂದರು. ನಾನು ಇಪ್ಪತ್ತು ವರ್ಷ ಕಪ್ಪುಹಲಗೆ ಮೇಲೆ ಬರೆದ ಸೂತ್ರ ಇಷ್ಟು ಚೆನ್ನಾಗಿ ಒಮ್ಮೆಯೂ ಯಾರಿಗೂ ತಲುಪಿರಲಿಲ್ಲ.

ಮಗಳು ಬಿಡಲಿಲ್ಲ. "ವಿಮಾನ ಇಳೀತಾ ಇರುತ್ತಲ್ಲ ಸಾರ್, ಡಾಪ್ಲರ್ ಸೇರ್ಕೊಳ್ಳಲ್ವಾ?" ಡಾಪ್ಲರ್ ಅಂದರೆ ಹತ್ತಿರವಾಗುತ್ತಿದ್ದಾಗ ಸ್ವರ ಕೊಂಚ ಏರಿ ಕೇಳಿಸುವುದು. ಅದು ಸೇರಿಕೊಳ್ಳುತ್ತದೆ. ಸೆಕೆಂಡಿಗೆ ಮೂರು ಮೀಟರ್ ಇಳಿಯುತ್ತಿದ್ದರೆ ಸುಮಾರು 86 ಹರ್ಟ್ಸ್ ವ್ಯತ್ಯಾಸ, ನಮ್ಮ ಲೆಕ್ಕದಲ್ಲಿ ಒಂದು ಮೀಟರಿಗೂ ಮೇಲಿನ ತಪ್ಪು. ಅದಕ್ಕೇ ಸ್ವರವನ್ನು ಏರಿಸಿ ಅಲ್ಲಿಗೇ ಬಿಡುವುದಿಲ್ಲ, ಏರಿಸಿದ ಹಾಗೆಯೇ ಇಳಿಸುತ್ತಾರೆ. ಏರುವಾಗ ಡಾಪ್ಲರ್ ಎಷ್ಟು ಕಳೆಯುತ್ತದೋ ಇಳಿಯುವಾಗ ಅಷ್ಟೇ ಕೂಡಿಸುತ್ತದೆ. ಎರಡರ ಸರಾಸರಿ ಹಿಡಿದರೆ ತಪ್ಪು ಮಾಯ. ಆರೋಹಣ, ಅವರೋಹಣ ಎರಡೂ ಬೇಕು ಎಂದು ಯಜಮಾನರೇ ಹೇಳಿದರು.

ಬೇರೆ ಮಾಪಕವೇ ಇಲ್ಲವೇ ಎಂಬುದು ತಮ್ಮನ ಪ್ರಶ್ನೆ. ಇದೆ, ಗಾಳಿಯ ಒತ್ತಡದ್ದು. ಅದು ಹೇಳುವುದು ಸಮುದ್ರಮಟ್ಟದ ಲೆಕ್ಕ. ಶಿವಮೊಗ್ಗ ಊರೇ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ, ಕೊಡಚಾದ್ರಿಯ ತುದಿ 1343 ಮೀಟರ್. ಹೊಟ್ಟೆಯ ಕೆಳಗೆ ಗುಡ್ಡ ಬಂದಿತೋ ಕಣಿವೆ ಬಂದಿತೋ ಒತ್ತಡದ ಮಾಪಕಕ್ಕೆ ಅರಿವಿಲ್ಲ. ರೇಡಿಯೊ ಆಲ್ಟಿಮೀಟರಿಗೆ ಕೆಳಗಿನ ನೆಲ ಬಿಟ್ಟು ಬೇರೆ ಲೋಕವೇ ಇಲ್ಲ. ಸಾಮಾನ್ಯವಾಗಿ 2500 ಅಡಿಯೊಳಗೆ ಮಾತ್ರ ಅದು ಲೆಕ್ಕ ಕೊಡುವುದು. ಮಂಗಳೂರಿನಂಥ ಗುಡ್ಡದ ತಲೆಯ ರನ್‌ವೇಗೆ ಬರುವಾಗ ಕಣಿವೆಯ ಮೇಲೆ ದೊಡ್ಡ ಅಂಕಿ ತೋರಿಸಿ ಅಂಚು ದಾಟುತ್ತಲೇ ಧಡಕ್ಕನೆ ಇಳಿದುಬಿಡುತ್ತದೆ. ಅದು ಕೆಟ್ಟಿದ್ದಲ್ಲ, ಕಂಡದ್ದನ್ನು ಹೇಳಿದ್ದು. ಪೈಲಟ್ ಕೋಣೆಯ ವಿಡಿಯೊಗಳಲ್ಲಿ 'ಫಿಫ್ಟಿ, ಫಾರ್ಟಿ, ಥರ್ಟಿ' ಎಂದು ಯಂತ್ರ ಕೂಗುವುದು ಇದರ ಮಾತನ್ನೇ. ಇಳಿಯುವ ಭಂಗಿಯಲ್ಲಿ ಹಿಂದಿನ ಚಕ್ರ ನೆಲ ಮುಟ್ಟಿದಾಗ ಸೊನ್ನೆ ಬರುವಂತೆ, ಆಂಟೆನಾದ ತಂತಿಯಲ್ಲಾಗುವ ವಿಳಂಬವನ್ನೂ ಕಳೆದು ಹೊಂದಿಸಿರುತ್ತಾರೆ. ಹಾಗಾಗಿ ವಿಮಾನ ನಿಂತಲ್ಲಿ ನಿಂತಿರುವಾಗ ಕೆಲವು ಅಡಿ ಮೈನಸ್ ತೋರಿಸುವುದುಂಟು.

"ನೆಲದೊಳಗೆ ಹೋಗಿದೆ ಅಂತ ತಿಳ್ಕೊಳುತ್ತಾ?" ತಮ್ಮ ನಕ್ಕರು.

ನಗು ಅಲ್ಲಿಗೆ ನಿಲ್ಲಿಸಬೇಕಾಯಿತು. 2009ರ ಫೆಬ್ರವರಿ 25ರಂದು ಆಮ್‌ಸ್ಟರ್‌ಡ್ಯಾಮಿಗೆ ಇಳಿಯುತ್ತಿದ್ದ ಟರ್ಕಿಶ್ ಏರ್‌ಲೈನ್ಸಿನ 1951 ನಂಬರಿನ ವಿಮಾನದಲ್ಲಿ ಆದದ್ದು ಅದೇ. ಬೋಯಿಂಗ್ 737, ಒಳಗೆ 135 ಜನ. ವಿಮಾನ 1950 ಅಡಿ ಮೇಲಿರುವಾಗ ಎಡಗಡೆಯ ರೇಡಿಯೊ ಆಲ್ಟಿಮೀಟರ್ ಮೈನಸ್ 8 ಅಡಿ ತೋರಿಸಿತು. ಬಲಗಡೆಯದು ಸರಿಯಾಗಿಯೇ ಇತ್ತು, ಆದರೆ ಎಂಜಿನ್ನಿನ ಶಕ್ತಿ ನಿಭಾಯಿಸುವ ಸ್ವಯಂಚಾಲಿತ ವ್ಯವಸ್ಥೆ ನಂಬಿದ್ದು ಎಡಗಡೆಯದನ್ನು. ನೆಲ ಮುಟ್ಟಿಯೇ ಬಿಟ್ಟೆವು ಎಂದುಕೊಂಡು ಎಂಜಿನ್ನಿನ ಶಕ್ತಿಯನ್ನು ಪೂರ್ತಿ ಇಳಿಸಿತು. ವೇಗ ಕುಸಿಯುತ್ತಿರುವುದು ಪೈಲಟ್‌ಗಳ ಗಮನಕ್ಕೆ ಬರುವಷ್ಟರಲ್ಲಿ ತಡವಾಗಿತ್ತು. ರನ್‌ವೇಗೆ ಮುಂಚೆಯೇ ಹೊಲದಲ್ಲಿ ಬಿತ್ತು, ಒಂಬತ್ತು ಜನ ಸತ್ತರು. ಅಲ್ಲಿ ಯಾವ ಮೊಬೈಲ್ ಟವರಿನ ಪಾತ್ರವೂ ಇರಲಿಲ್ಲ, ಅದನ್ನು ಒತ್ತಿ ಹೇಳಿದೆ. ಆ ಒಂದು ಅಂಕಿಯನ್ನು ವಿಮಾನದ ಎಷ್ಟು ವ್ಯವಸ್ಥೆಗಳು ನಂಬಿಕೊಂಡಿವೆ ಎಂಬುದಷ್ಟೇ ನನಗೆ ತೋರಿಸಬೇಕಿದ್ದದ್ದು. ನೆಲ ಹತ್ತಿರವಾಯಿತು ಎಂದು ಕಿರುಚುವ ಎಚ್ಚರಿಕೆಯೂ ಇದರ ಮೇಲೆಯೇ ನಿಂತಿದೆ.

ಸುಮಾರು ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಯಜಮಾನರು, "ನಮ್ ಟವರಿಂದ ಹಂಗಾಗೋದಾದ್ರೆ ಬ್ಯಾಡವೇ ಬ್ಯಾಡ ಬಿಡಿ ಮೇಷ್ಟ್ರೇ" ಎಂದರು.

ಅಷ್ಟು ದೂರ ಹೋಗಬೇಕಿರಲಿಲ್ಲ. 3670ಕ್ಕೂ 4200ಕ್ಕೂ ನಡುವೆ 5ಜಿ ಇಲ್ಲದ 530 ಮೆಗಾಹರ್ಟ್ಸ್ ಬೇಲಿ ಇದೆ. ಅಮೆರಿಕದಲ್ಲಿ 2022ರ ಜನವರಿಯಲ್ಲಿ ಇದೇ ವಿಷಯಕ್ಕೆ ದೊಡ್ಡ ಗದ್ದಲವೆದ್ದಾಗ ಅಲ್ಲಿನ 5ಜಿ ಪಟ್ಟಿ 3980ರವರೆಗೆ ಬರುವುದಿತ್ತು, ಬೇಲಿ 220 ಮಾತ್ರ. ನಮ್ಮ ಚಿಂತೆ ಅದಕ್ಕಿಂತ ಸಣ್ಣದು. ಆದರೂ ಚಿಂತೆ ಯಾಕೆಂದರೆ, ಹಳೆಯ ಆಲ್ಟಿಮೀಟರುಗಳನ್ನು ಮಾಡಿದ ಕಾಲದಲ್ಲಿ ಪಕ್ಕದ ಮನೆಯಲ್ಲಿ ಗಲಾಟೆ ಇರಲಿಲ್ಲ. 3700ರಿಂದ 4200ರವರೆಗೆ ಉಪಗ್ರಹದಿಂದ ಕೆಳಗೆ ಬರುವ ಟಿವಿ ಸಂಕೇತ. ಕೇಬಲ್‌ನವರ ತಾರಸಿಯಲ್ಲಿ ಅಷ್ಟು ದೊಡ್ಡ ಡಿಶ್ ಇಟ್ಟಿರುತ್ತಾರಲ್ಲ, ಅದು ಆ ಪಿಸುಮಾತನ್ನು ಹಿಡಿಯಲಿಕ್ಕೇ. ಅಂಥ ನೆರೆ ಇದ್ದಾಗ ಬಾಗಿಲಿಗೆ ಗಟ್ಟಿ ಚಿಲಕ ಯಾಕೆ ಎಂದು ಹಲವು ಆಲ್ಟಿಮೀಟರುಗಳಿಗೆ ಬೇರೆ ಕಂಪನಾಂಕ ತಡೆಯುವ ಬಿಗಿ ಫಿಲ್ಟರ್ ಹಾಕಿರಲಿಲ್ಲ. ಇಂಥ ಆಲ್ಟಿಮೀಟರ್ ಹೊರಡಿಸುವ ಶಕ್ತಿ ಸಾಮಾನ್ಯವಾಗಿ ಒಂದು ವ್ಯಾಟಿಗೂ ಕಡಿಮೆ. ಅದು ನೆಲಕ್ಕೆ ಚದುರಿ ಮರಳಿ ಬರುವಾಗ ಉಳಿಯುವುದು ಎಳ್ಳಷ್ಟು. ಆ ಎಳ್ಳು ಹುಡುಕುವ ಕಿವಿಯ ಹತ್ತಿರ ಟವರು ಕೂಗಿದರೆ, ಸ್ವರ ಬೇರೆಯಾದರೂ ಕಿವಿ ಗಡಚಿಕ್ಕಬಹುದು.

ಅಳತೆ

ದೂರಸಂಪರ್ಕ ಇಲಾಖೆ 2022ರ ನವೆಂಬರ್ ಕೊನೆಯಲ್ಲಿ ಕಂಪನಿಗಳಿಗೆ ಬರೆದ ಪತ್ರದ ಸಾರ ಇದು: ರನ್‌ವೇಯ ಎರಡೂ ತುದಿಯಿಂದ 2100 ಮೀಟರ್, ನಡುಗೆರೆಯಿಂದ 910 ಮೀಟರ್, ಇಷ್ಟರೊಳಗೆ 3300ರಿಂದ 3670ರ 5ಜಿ ಬೇಡ. ಅದರ ಸುತ್ತ ಇನ್ನೂ 540 ಮೀಟರ್ ಪಟ್ಟಿಯಲ್ಲಿ ಹಾಕಬಹುದು, ಶಕ್ತಿ ಮೆಗಾಹರ್ಟ್ಸಿಗೆ 58 ಡಿಬಿಎಂ (ರೇಡಿಯೊ ಶಕ್ತಿಯ ಅಳತೆಮಾನ) ಮೀರಬಾರದು, ಆಂಟೆನಾ ನೆಲದ ಕಡೆ ಬಾಗಿರಬೇಕು. ವಿಮಾನಗಳ ಆಲ್ಟಿಮೀಟರ್ ಫಿಲ್ಟರ್ ಬದಲಾಗುವ ತನಕ ಎಂದು ಆಗ ಹಾಕಿದ ಕಟ್ಟುಪಾಡು.

ಕಂಪನಿಯವರು ಅಳೆದದ್ದು ಹೇಗೆಂದು ಮಗಳು ಆ ಎಂಜಿನಿಯರನ್ನೇ ಕೇಳಿದಳು. ಈ ಸಲ ಅವನು ಬೈಕಿನಿಂದ ಇಳಿದು ಉತ್ತರ ಕೊಟ್ಟ. ರನ್‌ವೇ ತುದಿಯಿಂದ ಗುಂಡಿಯವರೆಗೆ ನಕ್ಷೆಯಲ್ಲಿ ನೇರ ಗೆರೆ ಎಳೆದಿದ್ದರು: 1.74 ಕಿಲೋಮೀಟರ್. 2.1ಕ್ಕಿಂತ ಕಡಿಮೆ, ಆದ್ದರಿಂದ ಕೆಂಪು ಗುರುತು.

ಇಲ್ಲೇ ಪ್ರಕರಣದ ಎರಡನೇ ತಿರುವು. ನಿಯಮ ಹೇಳುವುದು ವೃತ್ತವನ್ನಲ್ಲ, ಉದ್ದನೆಯ ಆಯತವನ್ನು. ರನ್‌ವೇಯ ನಡುಗೆರೆಯನ್ನು ತುದಿಯಾಚೆಗೂ ಬೆಳೆಸಿ, ತೋಟದಿಂದ ಅದಕ್ಕೆ ಲಂಬ ಎಳೆಯಬೇಕು. ಮಗಳು ಎಳೆದಳು. ಗೆರೆಯ ಉದ್ದಕ್ಕೆ ತುದಿಯಿಂದ ಸುಮಾರು 1300 ಮೀಟರ್, ಅಡ್ಡಕ್ಕೆ 1150. ಅಡ್ಡದ ಮಿತಿ 910. ತೋಟ ನಿಷೇಧದ ಪೆಟ್ಟಿಗೆಯಿಂದ 240 ಮೀಟರ್ ಹೊರಗೆ, 540ರ ಪಟ್ಟಿಯೊಳಗೆ. ನಾನು ಬೇರೆ ಕೂತು ಬೇರೆ ನಕ್ಷೆಯಲ್ಲಿ ಅಳೆದೆ. ಹತ್ತಿಪ್ಪತ್ತು ಮೀಟರ್ ಆಚೀಚೆ ಬಿಟ್ಟರೆ ಅದೇ.

ಏನಾಯಿತು

ಕಂಪನಿಗೆ ಕಳಿಸುವ ಪತ್ರದ ಕರಡನ್ನು ಮಗಳೇ ಬರೆದಳು. ಸಿಟ್ಟಿನ ಸಾಲು, "ನಮಗಾದ ನಷ್ಟಕ್ಕೆ ಯಾರು ಹೊಣೆ" ಎಂಬ ಚಿಕ್ಕಪ್ಪನ ಸಾಲು ಎರಡನ್ನೂ ತೆಗೆಸಿದೆ. ಎರಡು ಅಳತೆ, ಒಂದು ನಕ್ಷೆ, ಒಂದು ಪ್ರಶ್ನೆ: ಈ ಜಾಗ ನಿಷೇಧದಲ್ಲಿದೆಯೋ, ಮಿತಿಯ ಪಟ್ಟಿಯಲ್ಲಿದೆಯೋ? ಮೂರು ವಾರಕ್ಕೆ ಉತ್ತರ ಬಂತು. ಮಿತಿಯ ಪಟ್ಟಿ ಎಂದು ಒಪ್ಪಿದರು. ಆದರೆ ಅಲ್ಲಿ ಶಕ್ತಿ ತಗ್ಗಿಸಿ 5ಜಿ ಹಾಕುವುದು ಸದ್ಯಕ್ಕೆ ಲಾಭವಿಲ್ಲ, ಕೆಳಗಿನ ಪಟ್ಟಿಗಳ 4ಜಿ ಮಾತ್ರ ಹಾಕುತ್ತೇವೆ, ಬಾಡಿಗೆಯಲ್ಲಿ ಸುಮಾರು ಕಾಲು ಭಾಗ ಕಡಿಮೆ, ಒಪ್ಪಿಗೆಯೇ ಎಂದು ಕೇಳಿದರು.

ತಮ್ಮನಿಗೆ ಕೋರ್ಟಿಗೆ ಹೋಗುವ ಹುಮ್ಮಸ್ಸು. ಯಜಮಾನರು ಒಂದು ರಾತ್ರಿ ಯೋಚಿಸಿ ಒಪ್ಪಿದರು, ಎರಡು ಷರತ್ತು ಹಾಕಿ. 5ಜಿ ಸೇರಿಸಿದ ತಿಂಗಳಿನಿಂದ ಮೊದಲಿನ ಬಾಡಿಗೆ. ಮುಂದೆ ಕೆಲಸ ನಿಂತರೆ ಕಾರಣ ಬರಹದಲ್ಲಿ, ಕನ್ನಡದಲ್ಲಿ. ಎರಡನೆಯದಕ್ಕೆ ಕಂಪನಿ ಕೊಂಚ ಎಳೆದಾಡಿ ಒಪ್ಪಿತು. 2024ರ ಫೆಬ್ರವರಿಯಲ್ಲಿ ಟವರ್ ನಿಂತಿತು, ಮೂವತ್ತು ಮೀಟರಿನದೇ. ಯಾರೂ ಕೇಳದ ಆ ಹತ್ತು ಮೀಟರ್ ನನ್ನ ಸಲಹೆಯ ಗುರುತಾಗಿ ಕಡಿಮೆಯೇ ಉಳಿಯಿತು.

ಇಂಥದ್ದೇ ಇನ್ನೊಂದು ಬಂದರೆ ನಾನು ಮೊದಲು ಕೇಳುವ ಪ್ರಶ್ನೆ 'ಎಷ್ಟು ಎತ್ತರ' ಅಲ್ಲ, 'ಯಾವ ಪಟ್ಟಿ'. ಎರಡಕ್ಕೂ ಕಚೇರಿ ಬೇರೆ, ಕಾಗದ ಬೇರೆ, ಅಳೆಯುವ ರೀತಿಯೂ ಬೇರೆ. ಎತ್ತರದ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಕಂಪನಾಂಕದ್ದು ಸಿಕ್ಕಂತಲ್ಲ. ಕಂಪನಿ 'ದೂರ ಕಡಿಮೆ' ಎಂದರೆ ಯಾವ ಗೆರೆಯಿಂದ ಎಂದು ಕೇಳಿ, ನಾವೇ ನಕ್ಷೆಯಲ್ಲಿ ಎಳೆದು ನೋಡಬೇಕು. ಮತ್ತೆ, ಫೀಲ್ಡಿನ ಹುಡುಗ ಬೈಕಿನ ಮೇಲೆ ಕೂತು ಹೇಳಿದ ಅಂಕಿಯ ಅಳತೆಮಾನ ಯಾವುದು ಎಂದು ಅವನ ಮುಂದೆಯೇ ಬಿಡಿಸಿಕೊಳ್ಳಬೇಕು. ರೂಪಾಯಿಯೋ, ಅಡಿಯೋ, ಮೆಗಾಹರ್ಟ್ಸೋ ಗೊತ್ತಾಗದೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಯನ್ನು ಕಣ್ಣಾರೆ ನೋಡಿದ್ದೇನೆ.

ಅವರಿಬ್ಬರು ಸರಿಹೋದರು. ಪಕ್ಕದ ತೋಟದವರದು ಇನ್ನೂ ಆಗಿಲ್ಲ. ಮೂಗರ್ಜಿಯೇ ಇರಲಿಲ್ಲವೆಂದು ಎಲ್ಲರಿಗೂ ಗೊತ್ತಾದ ಮೇಲೂ, ಸಂತೆಯಲ್ಲಿ ನಾಲ್ಕು ಜನರ ಮುಂದೆ ಈ ಮನೆಯವರು ಆಡಿದ್ದ ಮಾತು ಅವರ ಮನಸ್ಸಲ್ಲಿ ಕೂತಿದೆ. ಈ ಬೇಸಿಗೆಯಲ್ಲಿ ನಾಲೆ ನೀರಿನ ಸರದಿ ಬಂದಾಗ ಯಜಮಾನರು ತಾವೇ ಹೋಗಿ ಕರೆದರಂತೆ. ಅವರು ನೀರು ತಿರುಗಿಸಿಕೊಂಡರು, ಮಾತಾಡಲಿಲ್ಲ.